ಸಹಾಯ ಬೇಕು: ಹಿತ್ತಲ ಕೊಳದ ತಾವರೆ, ಕೆಸು ಹತೋಟಿಗೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಪುತ್ತೂರಿನ ಹತ್ತಿರ. ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಸಿಮೆಂಟು ಕೊಳವಿದೆ. ಗೆಡ್ಡೆ ಪಲ್ಯದ ಆಸೆಗೆ ಎರಡು ವರ್ಷದ ಹಿಂದೆ ತಳದ ಕೆಸರಿಗೇ ತಾವರೆ ನೆಟ್ಟೆ. ಈಗ ನೀರೇ ಕಾಣದಷ್ಟು ಎಲೆ. ಬೆಳಗ್ಗೆ ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಂಚಿನ ಕೆಸುವೂ ಹಂಬು ಚಾಚಿ ಒಂದೆಲಗದ ಪಾತಿಯನ್ನು ನುಂಗಿದೆ. ಪತ್ರೊಡೆಗೆ ಎಷ್ಟು ಕೊಯ್ದರೂ ಮುಗಿಯದು.

ಎಲೆ ಒಣಗಿದ ಮೇಲೆ ನೀರು ಬಸಿದು, ಗೆಡ್ಡೆ ಕಿತ್ತು, ಎರಡು ತುಂಡು ಮಾತ್ರ ತೂತಿಲ್ಲದ ಟಬ್ಬಿನಲ್ಲಿ ನೆಟ್ಟು ಮುಳುಗಿಸುವ ಯೋಚನೆಯಿದೆ. ಟಬ್ಬು ಎಷ್ಟು ಅಗಲವಿರಬೇಕು? ಅಷ್ಟು ಜಾಗದಲ್ಲಿ ಗೆಡ್ಡೆ ದಪ್ಪವಾಗುತ್ತದೆಯೇ? ಸದ್ಯ ದಂಟನ್ನು ನೀರಿನ ಮೇಲಕ್ಕೇ ಕತ್ತರಿಸುತ್ತಿದ್ದೇನೆ, ಟೊಳ್ಳಿನೊಳಗೆ ನೀರು ಹೊಕ್ಕರೆ ಗೆಡ್ಡೆ ಕೊಳೆಯಬಹುದೆಂದು. ಕೆಸುವಿಗೆ ಅಡ್ಡಲಾಗಿ ಏನು ಹೂಳಿದರೆ ನಿಲ್ಲುತ್ತದೆ? ಮೀನಿರುವುದರಿಂದ ಕಳೆನಾಶಕದ ಸಲಹೆ ದಯವಿಟ್ಟು ಬೇಡ. ಬೆಳೆದು ಅನುಭವ ಇರುವವರು ತಿಳಿಸಿ.