ಡಾಸ್ ಮೆಷಿನ್‌ಗೆ ಪೆನ್‌ಡ್ರೈವ್ ಹಾಕಿ ಬ್ಯಾಕಪ್ ತೆಗೆದವರು ಇದ್ದೀರಾ?

ಕೇಳಿದವರು, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ಮಂಡಿ. ಲೆಕ್ಕ ಇವತ್ತಿಗೂ ಫಾಕ್ಸ್‌ಪ್ರೋ ಅನ್ನುವ ಹಳೆ ಡೇಟಾಬೇಸ್ ಭಾಷೆಯಲ್ಲಿ ಬರೆಸಿದ ಹಳೆಯ ಪ್ರೋಗ್ರಾಮಿನಲ್ಲೇ ನಡೆಯುತ್ತದೆ. ಪೆಂಟಿಯಂ 3 ಮೆಷಿನ್, ಎಂಎಸ್-ಡಾಸ್ 6.22 (ಆಜ್ಞೆ ಟೈಪ್ ಮಾಡಿ ನಡೆಸುವ ಹಳೆ ಆಪರೇಟಿಂಗ್ ಸಿಸ್ಟಮ್), ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ರೈತರಿಗೆ ಪಟ್ಟಿ ಹೊಡೆದು ಕೊಡುವುದೂ ಅದರಲ್ಲೇ. ಅಪ್ಪನಿಗೆ ಕೈಗೆ ಹತ್ತಿದ ಕೆಲಸ, ನನಗೂ ಸದ್ಯಕ್ಕೆ ಬದಲಿಸುವ ಅವಸರ ಇಲ್ಲ. ತೊಂದರೆ ಇರುವುದು ಬ್ಯಾಕಪ್‌ನಲ್ಲಿ. ಇಷ್ಟು ದಿನ ಫ್ಲಾಪಿಗೆ ತೆಗೆಯುತ್ತಿದ್ದೆವು. ಈಗ ಒಳ್ಳೆ ಫ್ಲಾಪಿ ಸಿಗುತ್ತಿಲ್ಲ, ಇದ್ದವೂ ಒಂದೊಂದಾಗಿ ಕೈಕೊಡುತ್ತಿವೆ. ಮೆಷಿನ್ ಹಿಂದೆ ಎರಡು ಯುಎಸ್‌ಬಿ ಪೋರ್ಟ್ ಇವೆ. ಪೆನ್‌ಡ್ರೈವ್ ಹಾಕಿದರೆ ಲೈಟ್ ಹತ್ತುತ್ತದೆ, ಡಾಸ್‌ನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಸಿ, ಡಿ ಅಂತ ಎರಡು ಭಾಗ, ಲೆಕ್ಕ ಇರುವುದು ಡಿಯಲ್ಲಿ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕಂಪ್ಯೂಟರ್ ರಿಪೇರಿಯವರು, ಹುಬ್ಬಳ್ಳಿ:

ಸರ್, ಪೆನ್‌ಡ್ರೈವ್ ವಿಷಯ ಆಮೇಲೆ. ಮೊದಲು ಆ ಹಾರ್ಡ್ ಡಿಸ್ಕ್‌ನ ಪೂರ್ತಿ ಕಾಪಿ ಒಂದು ತೆಗೆದಿಡಿ. ಪೆಂಟಿಯಂ 3 ಕಾಲದ ಡಿಸ್ಕ್ ಅಂದರೆ ಇಪ್ಪತ್ತು ವರ್ಷ ದಾಟಿರುತ್ತದೆ. ನೀವು ಡ್ರೈವರ್ ಹಾಕಿ ಹತ್ತು ಸಲ ಆನ್-ಆಫ್ ಮಾಡುವಾಗಲೇ ಅದು ನಿಂತುಹೋಗಬಹುದು. ಐಡಿಇ (ಆ ಕಾಲದ ಅಗಲ ಕೇಬಲ್ಲಿನ) ಡಿಸ್ಕ್ ಅನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ಜೊತೆಗೆ ಅದಕ್ಕೆ ಬೇರೆ ಪವರ್ ಕೂಡ ಬರುತ್ತದೆ. ಡಿಸ್ಕ್ ಬಿಚ್ಚಿ, ಜಂಪರ್ ಮಾಸ್ಟರ್‌ನಲ್ಲಿಟ್ಟು, ಲ್ಯಾಪ್‌ಟಾಪ್‌ಗೆ ಹಾಕಿ. ಡಾಸ್ ಬಳಸುವ ಫ್ಯಾಟ್16 ಅನ್ನುವ ಫಾರ್ಮ್ಯಾಟನ್ನು ಈಗಿನ ವಿಂಡೋಸ್ ಕೂಡ ಓದುತ್ತದೆ. ಅಕಸ್ಮಾತ್ "ಫಾರ್ಮ್ಯಾಟ್ ಮಾಡಬೇಕೇ" ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ, ಅಲ್ಲಿಗೇ ನಿಲ್ಲಿಸಿ. ಲಿನಕ್ಸ್ ಗೊತ್ತಿದ್ದವರು ಹತ್ತಿರದಲ್ಲಿದ್ದರೆ ಇಡೀ ಡಿಸ್ಕ್‌ನ ಇಮೇಜ್ (ಇದ್ದದ್ದು ಇದ್ದ ಹಾಗೇ ಪ್ರತಿ) ತೆಗೆಸಿ. ಬರೀ ಫೈಲ್ ಕಾಪಿಗಿಂತ ಅದು ಮೇಲು. ಡಿಸ್ಕ್ ಸತ್ತರೂ ಬೇರೆ ಡಿಸ್ಕ್‌ಗೆ ಅದನ್ನೇ ಇಳಿಸಿ ಮರುದಿನವೇ ಮಂಡಿ ನಡೆಸಬಹುದು.

ಈಗ ಪೆನ್‌ಡ್ರೈವ್. ಎಂಎಸ್-ಡಾಸ್ 6.22 ಬಂದದ್ದು 1994ರಲ್ಲಿ. ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರ ಜನವರಿಯಲ್ಲಿ. ಹಾಗಾಗಿ ಡಾಸ್‌ಗೆ ಯುಎಸ್‌ಬಿ ಅಂದರೆ ಏನೆಂದೇ ಗೊತ್ತಿಲ್ಲ. ಲೈಟ್ ಹತ್ತುವುದು ಕರೆಂಟ್ ಬಂದದ್ದಕ್ಕೆ, ಅಷ್ಟೆ. ಡಾಸ್ ಡಿಸ್ಕ್ ಬೇಕಾದಾಗ ಬಯೋಸ್ ಅನ್ನು, ಅಂದರೆ ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಮನ್ನು, ಕೇಳುತ್ತದೆ. ಬಯೋಸ್ ತೋರಿಸಿದ ಡಿಸ್ಕ್‌ಗಳು ಮಾತ್ರ ಅದಕ್ಕೆ ಕಾಣುತ್ತವೆ. ಆದ್ದರಿಂದ ದಾರಿ ಎರಡೇ. ಒಂದೋ ಬಯೋಸ್ ಪೆನ್‌ಡ್ರೈವ್ ಅನ್ನು ಹಾರ್ಡ್ ಡಿಸ್ಕ್ ಥರ ತೋರಿಸಬೇಕು, ಇಲ್ಲವೇ ನೀವು ಡಾಸ್‌ಗೆ ಡ್ರೈವರ್ ಹಾಕಬೇಕು.

ಬಯೋಸ್ ದಾರಿ ಸುಲಭ. ಸೆಟಪ್‌ಗೆ ಹೋಗಿ ಲೆಗಸಿ ಯುಎಸ್‌ಬಿ ಸಪೋರ್ಟ್ ಆನ್ ಮಾಡಿ. ಎಮ್ಯುಲೇಷನ್ ಟೈಪ್ ಅಂತ ಇದ್ದರೆ ಆಟೋ ಬಿಟ್ಟು ಹಾರ್ಡ್ ಡಿಸ್ಕ್ ಅಂತ ಇಡಿ, ಬೂಟ್ ಪಟ್ಟಿಯಲ್ಲಿ ನಿಮ್ಮ ಹಾರ್ಡ್ ಡಿಸ್ಕ್ ಮೊದಲೇ ಇರಲಿ. ಪೆನ್‌ಡ್ರೈವ್ ಚುಚ್ಚಿದ ಮೇಲೆ ಮೆಷಿನ್ ಆನ್ ಮಾಡಿ. ಆನ್ ಆದ ಮೇಲೆ ಚುಚ್ಚಿದರೆ ಕಾಣುವುದಿಲ್ಲ. ಆದರೆ ಪೆಂಟಿಯಂ 3 ಬೋರ್ಡ್‌ಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಕೀಬೋರ್ಡ್, ಮೌಸ್‌ಗೆ ಮಾತ್ರ ಇರುತ್ತದೆ. ಡಿಸ್ಕ್‌ಗೆ ಇರುವುದು ಅದೃಷ್ಟ.

ಇನ್ನೊಂದು ಮುಖ್ಯ ಮಾತು, ನಿಮ್ಮ ಲೆಕ್ಕ ಡಿಯಲ್ಲಿದೆ ಅಂದಿರಿ ಅಂತ ಹೇಳುತ್ತಿದ್ದೇನೆ. ಡಾಸ್ ಸಿ, ಡಿ ಅಂತ ಅಕ್ಷರ ಹಂಚುವಾಗ ಮೊದಲು ಪ್ರತಿ ಡಿಸ್ಕ್‌ನ ಪ್ರೈಮರಿ (ಮುಖ್ಯ) ಭಾಗಕ್ಕೆ ಕೊಡುತ್ತದೆ, ಆಮೇಲೆ ಲಾಜಿಕಲ್ (ಉಳಿದ ಜಾಗದಲ್ಲಿ ಮಾಡಿದ) ಭಾಗಗಳಿಗೆ. ನಿಮ್ಮ ಡಿ ಲಾಜಿಕಲ್ ಆಗಿದ್ದು, ಬಯೋಸ್ ದಾರಿಯಲ್ಲಿ ಪೆನ್‌ಡ್ರೈವ್ ಕಂಡಿತೋ, ಪೆನ್‌ಡ್ರೈವ್ ಡಿ ಆಗುತ್ತದೆ, ನಿಮ್ಮ ಲೆಕ್ಕ ಇ ಅಕ್ಷರಕ್ಕೆ ಹೋಗುತ್ತದೆ. ಪ್ರೋಗ್ರಾಮ್ ಡಿಯಲ್ಲಿ ಹುಡುಕಿ "ಫೈಲ್ ಇಲ್ಲ" ಅನ್ನುತ್ತದೆ. ಲೆಕ್ಕ ಅಳಿಸಿಹೋಯಿತು ಅಂತ ಗಾಬರಿಯಾಗಬೇಡಿ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ.

ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವವರು, ಪೀಣ್ಯ:

ಹುಬ್ಬಳ್ಳಿಯವರು ಅಕ್ಷರದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದೇ ಕಾರಣಕ್ಕೆ ನಾನು ನಿಮಗೆ ಡ್ರೈವರ್ ದಾರಿಯನ್ನೇ ಹೇಳುತ್ತೇನೆ. ಕಾನ್ಫಿಗ್.ಸಿಸ್‌ನಲ್ಲಿ (ಡಾಸ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಹಾಕಿದ ಡ್ರೈವರ್‌ಗೆ ಅಕ್ಷರ ಸಿಗುವುದು ಹಾರ್ಡ್ ಡಿಸ್ಕ್‌ನ ಎಲ್ಲ ಭಾಗಗಳಿಗೆ ಸಿಕ್ಕ ಮೇಲೆ. ನಿಮ್ಮ ಡಿ ಡಿಯಾಗಿಯೇ ಉಳಿಯುತ್ತದೆ, ಪೆನ್‌ಡ್ರೈವ್ ಇ ಆಗುತ್ತದೆ. ಸಿಡಿ ಡ್ರೈವ್ ಇದ್ದರೆ ಅದು ಮಾತ್ರ ಒಂದು ಅಕ್ಷರ ಮುಂದೆ ಸರಿಯುತ್ತದೆ.

ನಮ್ಮ ಕಡೆ ಡಾಸ್‌ನಲ್ಲೇ ಓಡುವ ಹಳೆ ಮೆಷಿನ್‌ಗಳು ಇನ್ನೂ ಇವೆ. ಅವಕ್ಕೆ ನಾವು ಹಾಕುವುದು ಎರಡು ಫೈಲ್‌ಗಳ ಜೋಡಿ. ಮೊದಲನೆಯದು ಪ್ಯಾನಸೋನಿಕ್‌ನ ಯುಎಸ್‌ಬಿಎಎಸ್‌ಪಿಐ.ಸಿಸ್. ಅವರು ಅದನ್ನು ತಮ್ಮ ಸಿಡಿ, ಡಿವಿಡಿ ಡ್ರೈವ್‌ಗಳಿಗೆ ಮಾಡಿದ್ದು, ಆದರೆ ಪೆನ್‌ಡ್ರೈವ್‌ಗಳಿಗೂ ಕೆಲಸ ಮಾಡುತ್ತದೆ. ಎರಡನೆಯದು ಡಿಐ1000ಡಿಡಿ.ಸಿಸ್. ಮೊದಲನೆಯದು ಯುಎಸ್‌ಬಿ ಕಂಟ್ರೋಲರ್ ಜೊತೆ ಮಾತಾಡುತ್ತದೆ, ಎರಡನೆಯದು ಅದಕ್ಕೆ ಡ್ರೈವ್ ಅಕ್ಷರ ಕೊಡಿಸುತ್ತದೆ. ಎರಡೂ ಚಿಕ್ಕವು, ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತವೆ. ಇನ್ನೂ ಓದುವ ಒಂದು ಫ್ಲಾಪಿ ಇದಕ್ಕೆ ಅಂತ ಎತ್ತಿಡಿ. ಅದೂ ಇಲ್ಲದಿದ್ದರೆ, ಹಾರ್ಡ್ ಡಿಸ್ಕ್ ಬಿಚ್ಚಿ ಕಾಪಿ ತೆಗೆಯುತ್ತೀರಲ್ವಾ, ಆಗಲೇ ಇವನ್ನೂ ಸಿಗೆ ಹಾಕಿಬಿಡಿ.

ಕಾನ್ಫಿಗ್.ಸಿಸ್‌ನಲ್ಲಿ ಮೊದಲು ಹೈಮೆಮ್ (ಡಾಸ್‌ನ ಮೆಮೊರಿ ಡ್ರೈವರ್), ಆಮೇಲೆ ಯುಎಸ್‌ಬಿಎಎಸ್‌ಪಿಐ, ಅದರ ಕೆಳಗೆ ಡಿಐ1000ಡಿಡಿ. ಇದೇ ಕ್ರಮದಲ್ಲಿ ಇರಬೇಕು. ಯುಎಸ್‌ಬಿಎಎಸ್‌ಪಿಐ ಸಾಲಿನ ಕೊನೆಗೆ ಒಂದು ಓರೆಗೆರೆ ಹಾಕಿ ಇಂಗ್ಲಿಷಿನ ವಿ ಅಕ್ಷರ ಸೇರಿಸಿ. ಬೂಟ್ ಆಗುವಾಗ ಯಾವ ಕಂಟ್ರೋಲರ್ ಸಿಕ್ಕಿತು, ಯಾವ ಪೆನ್‌ಡ್ರೈವ್ ಸಿಕ್ಕಿತು ಅಂತ ಪರದೆಯ ಮೇಲೆ ಬರೆಯುತ್ತದೆ. ಅದನ್ನು ಓದಿದರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಕಂಟ್ರೋಲರೇ ಸಿಗಲಿಲ್ಲ ಅಂದರೆ ಬಯೋಸ್‌ನಲ್ಲಿ ನೋಡಬೇಕು. ಕಂಟ್ರೋಲರ್ ಸಿಕ್ಕಿ ಪೆನ್‌ಡ್ರೈವ್ ಸಿಗಲಿಲ್ಲ ಅಂದರೆ ಬೇರೆ ಪೆನ್‌ಡ್ರೈವ್ ಹಾಕಿ ನೋಡಬೇಕು. ಹಳೆಯ, ಕಡಿಮೆ ಜಿಬಿಯವು ಬೇಗ ಒಗ್ಗುತ್ತವೆ.

ಬಯೋಸ್‌ನಲ್ಲಿ ಮೂರು ಕಡೆ ಕಣ್ಣಿಡಿ. ಯುಎಸ್‌ಬಿ ಕಂಟ್ರೋಲರ್ ಆನ್ ಇರಬೇಕು, ಯುಎಸ್‌ಬಿಗೆ ಐಆರ್‌ಕ್ಯೂ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತದ ಸಾಲು) ಕೊಡುವ ಆಯ್ಕೆ ಆನ್ ಇರಬೇಕು. "ಪ್ಲಗ್ ಆಂಡ್ ಪ್ಲೇ ಓಎಸ್" ಅನ್ನುವುದಕ್ಕೆ ನೋ ಅಂತ ಇರಬೇಕು. ಅಲ್ಲಿ ಯೆಸ್ ಇದ್ದರೆ ಬಯೋಸ್ ಕಾರ್ಡ್‌ಗಳನ್ನು ಸಜ್ಜು ಮಾಡುವ ಕೆಲಸವನ್ನು ವಿಂಡೋಸ್ ಮಾಡಿಕೊಳ್ಳಲಿ ಅಂತ ಬಿಡುತ್ತದೆ, ಡಾಸ್ ಅದನ್ನು ಮಾಡುವುದಿಲ್ಲ. ಯುಎಸ್‌ಬಿ ಕೀಬೋರ್ಡ್ ಬಳಸುತ್ತಿದ್ದರೆ ಬಿಡಿ, ದುಂಡಗಿನ ಪಿನ್ನಿನ ಹಳೆ ಪಿಎಸ್/2 ಕೀಬೋರ್ಡ್ ಹಾಕಿ. ಡ್ರೈವರ್ ಕಂಟ್ರೋಲರ್ ಅನ್ನು ತನ್ನ ಕೈಗೆ ತೆಗೆದುಕೊಂಡ ಕೂಡಲೇ ಯುಎಸ್‌ಬಿ ಕೀಬೋರ್ಡ್ ಸತ್ತಂತಾಗುತ್ತದೆ. ಕಾನ್ಫಿಗ್.ಸಿಸ್‌ನಲ್ಲಿ ಇಎಂಎಂ386 (ಇನ್ನೊಂದು ಮೆಮೊರಿ ಡ್ರೈವರ್) ಸಾಲು ಇದ್ದು ಮೆಷಿನ್ ಅರ್ಧಕ್ಕೆ ನಿಂತರೆ, ಆ ಸಾಲನ್ನು ತಾತ್ಕಾಲಿಕವಾಗಿ ತೆಗೆದು ನೋಡಿ.

ಬೋರ್ಡಿನ ಯುಎಸ್‌ಬಿ 1.1 ಆಗಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 1 ಎಂಬಿ ಹತ್ತಿರ ಹೋಗುತ್ತದೆ. ಮಂಡಿ ಲೆಕ್ಕಕ್ಕೆ ಅದು ಧಾರಾಳ. ಜಾಸ್ತಿ ವೇಗಕ್ಕೆ ಅಂತ ಪಿಸಿಐ ಕಾರ್ಡ್ ಹಾಕುವ ಗೋಜು ಬೇಡ. ಬೋರ್ಡಿನ ಪೋರ್ಟೇ ಕೆಟ್ಟಿದ್ದರೆ ಮಾತ್ರ ಎಸ್.ಪಿ. ರಸ್ತೆಯಲ್ಲಿ ಎನ್‌ಇಸಿ ಅಥವಾ ವಿಐಎ ಚಿಪ್‌ನ ಯುಎಸ್‌ಬಿ 2.0 ಕಾರ್ಡ್ ಹುಡುಕಿ.

ಕೇಳಿದವರು, ಶಿರಸಿ:

ಇಬ್ಬರಿಗೂ ತುಂಬಾ ಧನ್ಯವಾದ. ಡಿಸ್ಕ್ ಬಿಚ್ಚಿಸಿ ಕಾಪಿ ತೆಗೆಸಿದೆ. ಬಯೋಸ್‌ನಲ್ಲಿ ಕೀಬೋರ್ಡ್ ಸಪೋರ್ಟ್ ಮಾತ್ರ ಇತ್ತು, ಹಾಗಾಗಿ ಡ್ರೈವರ್ ಹಾಕಿದೆ. ಕಂಟ್ರೋಲರ್ ಸಿಕ್ಕಿತು, ಪೆನ್‌ಡ್ರೈವ್ ಹೆಸರೂ ಬಂತು, ಇ ಅಕ್ಷರವೂ ಬಂತು! ಆದರೆ ಇ ಒಳಗೆ ಹೋಗಿ ಡಿಐಆರ್ (ಫೈಲ್ ಪಟ್ಟಿ ತೋರಿಸುವ ಆಜ್ಞೆ) ಹೊಡೆದರೆ "ಇನ್‌ವ್ಯಾಲಿಡ್ ಮೀಡಿಯಾ ಟೈಪ್" ಅನ್ನುತ್ತದೆ. 16 ಜಿಬಿ ಪೆನ್‌ಡ್ರೈವ್, ವಿಂಡೋಸ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ.

ಡಿಪ್ಲೊಮಾ ಕಾಲೇಜಿನ ಲ್ಯಾಬ್ ನೋಡಿಕೊಂಡವರು, ಮೈಸೂರು:

ನಿಮ್ಮ ಡ್ರೈವರ್ ಸರಿಯಾಗಿದೆ, ಪೆನ್‌ಡ್ರೈವ್ ಕೂಡ ಸರಿಯಾಗಿದೆ. ಹೊಂದುತ್ತಿಲ್ಲದ್ದು ಫಾರ್ಮ್ಯಾಟ್. ಅಂಗಡಿಯಿಂದ ಬಂದ 16 ಜಿಬಿ ಪೆನ್‌ಡ್ರೈವ್‌ನಲ್ಲಿ ಫ್ಯಾಟ್32 ಇರುತ್ತದೆ. ಡಾಸ್ 6.22ಗೆ ಫ್ಯಾಟ್16 ಮಾತ್ರ ಗೊತ್ತು, ಅದೂ ಒಂದು ಭಾಗ 2 ಜಿಬಿ ಮೀರಬಾರದು. ಫ್ಯಾಟ್32 ಓದುವ ಎಂಎಸ್-ಡಾಸ್ ಬಂದದ್ದು ವಿಂಡೋಸ್ 95ರ ಎರಡನೇ ಆವೃತ್ತಿ ಮತ್ತು ವಿಂಡೋಸ್ 98ರ ಜೊತೆಗೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎರಡನ್ನೂ ಯಾವ ಡಾಸ್ ಕೂಡ ತಾನಾಗಿ ಓದುವುದಿಲ್ಲ.

ಮಾಡಬೇಕಾದ್ದು ಇಷ್ಟು. ಪೆನ್‌ಡ್ರೈವ್‌ನ ಆರಂಭದಲ್ಲಿ 500 ಎಂಬಿಯ ಒಂದೇ ಒಂದು ಪ್ರೈಮರಿ ಭಾಗ ಮಾಡಿ, ಫ್ಯಾಟ್16 ಫಾರ್ಮ್ಯಾಟ್ ಮಾಡಿ. ಉಳಿದ ಜಾಗ ಖಾಲಿ ಬಿಡಿ. ದಂಡ ಆಯ್ತಲ್ಲ ಅಂತ ಅನ್ನಿಸಬಹುದು, ಆದರೆ ಚಿಕ್ಕ ಭಾಗದಿಂದ ಲಾಭವೂ ಇದೆ. 2 ಜಿಬಿ ಭಾಗದಲ್ಲಿ ಒಂದು ಕ್ಲಸ್ಟರ್ (ಜಾಗ ಹಂಚುವ ಕನಿಷ್ಠ ತುಂಡು) 32 ಕೆಬಿ, ಎಷ್ಟು ಚಿಕ್ಕ ಫೈಲ್ ಆದರೂ ಅಷ್ಟು ಜಾಗ ತಿನ್ನುತ್ತದೆ. 500 ಎಂಬಿಯಲ್ಲಿ ಕ್ಲಸ್ಟರ್ 8 ಕೆಬಿ ಮಾತ್ರ. ಡಿಸ್ಕ್ ಭಾಗ ಮಾಡುವ ವಿಂಡೋಸ್‌ನ ಡಿಸ್ಕ್‌ಪಾರ್ಟ್ ಅನ್ನುವ ಆಜ್ಞೆಯಲ್ಲಿ ಇದನ್ನು ಮಾಡಬಹುದು. ಫಾರ್ಮ್ಯಾಟ್ ಮಾಡುವಾಗ ಬರೀ ಫ್ಯಾಟ್ ಅಂತ ಕೊಟ್ಟರೆ ಅದು ಫ್ಯಾಟ್16. ಆದರೆ ಡಿಸ್ಕ್‌ಪಾರ್ಟ್ ಹತ್ತಿರ ಕೆಲಸ ಮಾಡುವಾಗ ಡಿಸ್ಕ್ ಸಂಖ್ಯೆಯನ್ನು ಸೈಜ್ ನೋಡಿ ಖಚಿತ ಮಾಡಿಕೊಳ್ಳಿ. ಕ್ಲೀನ್ ಅಂತ ಕೊಟ್ಟರೆ ಅದು ಕೇಳದೆ ಅಳಿಸುತ್ತದೆ, ಲ್ಯಾಪ್‌ಟಾಪ್‌ಗೆ ಹಾಕಿದ ಬೇರೆ ಡಿಸ್ಕ್ ಆದರೂ ಸರಿ. ಲಿನಕ್ಸ್‌ನಲ್ಲಿ ಮಾಡುವವರು ಭಾಗದ ಟೈಪ್ 6 ಅಂತ ಇಡಿ. ಅದನ್ನು 6.22 ಗುರುತಿಸುತ್ತದೆ, ಟೈಪ್ ಇ (ಎಲ್‌ಬಿಎ; ಡ್ರೈವ್ ಅಕ್ಷರವಲ್ಲ) ಅನ್ನು ಗುರುತಿಸುವುದಿಲ್ಲ. ಡಿಸ್ಕ್‌ನ ಭಾಗಗಳ ಪಟ್ಟಿ ಹೊಸ ಬಗೆಯ ಜಿಪಿಟಿ ಆಗಿರಬಾರದು, ಹಳೆ ಬಗೆಯ ಎಂಬಿಆರ್ ಆಗಿರಬೇಕು.

ಫ್ಯಾಟ್16ರಲ್ಲಿ ರೂಟ್‌ನಲ್ಲಿ (ಯಾವ ಫೋಲ್ಡರ್ ಒಳಗೂ ಅಲ್ಲದ ಮೇಲಿನ ಜಾಗ) 512 ಹೆಸರುಗಳಷ್ಟೇ ಹಿಡಿಯುತ್ತವೆ. ಬ್ಯಾಕಪ್ ಅನ್ನು ಯಾವಾಗಲೂ ಒಂದು ಫೋಲ್ಡರ್ ಒಳಗೆ ಹಾಕಿ. ಫೋಲ್ಡರ್ ಹೆಸರು ಇಂಗ್ಲಿಷಿನಲ್ಲಿ, 8 ಅಕ್ಷರದೊಳಗೆ ಇರಲಿ.

ಫ್ರೀಡಾಸ್ ಬಳಸುವವರು, ಮಂಗಳೂರು:

ಇಲ್ಲಿ ಒಂದು ಮಾತು ಸೇರಿಸಬೇಕು, ಯಾಕೆಂದರೆ ಫ್ರೀಡಾಸ್ (ಎಂಎಸ್-ಡಾಸ್ ಬದಲು ಬಳಸುವ ಉಚಿತ ಡಾಸ್) ಹಾಕಿದರೆ ಯುಎಸ್‌ಬಿ ತಾನೇ ಬರುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಹಾಗಿಲ್ಲ. ಅದು ಫ್ಯಾಟ್32 ಓದುತ್ತದೆ, ಅಷ್ಟು ಮಟ್ಟಿಗೆ ಅನುಕೂಲ. ಯುಎಸ್‌ಬಿಗೆ ಅಲ್ಲಿಯೂ ಬಯೋಸ್ ಅಥವಾ ಡ್ರೈವರ್ ಬೇಕೇ ಬೇಕು. ನಡೆಯುತ್ತಿರುವ ಮಂಡಿಯಲ್ಲಿ ಡಾಸ್ ಬದಲಿಸಬೇಡಿ.

ಪೆನ್‌ಡ್ರೈವ್ ಅನ್ನು ಮೆಷಿನ್ ಓಡುವಾಗಲೇ ಹಾಕಿ ತೆಗೆಯಬೇಕು ಅನ್ನುವವರು ಬ್ರೆಟ್ ಜಾನ್ಸನ್ ಬರೆದ ಯುಎಸ್‌ಬಿ ಡ್ರೈವರ್‌ಗಳನ್ನು ನೋಡಬಹುದು. ಉಚಿತ, ಸೋರ್ಸ್ ಕೋಡ್ ಸಮೇತ ಸಿಗುತ್ತವೆ. ಬಹುಕಾಲ ಅವು ಯುಎಚ್‌ಸಿಐ ಬಗೆಯ ಕಂಟ್ರೋಲರ್‌ಗೆ ಮಾತ್ರ ಇದ್ದವು. ಇಂಟೆಲ್ ಚಿಪ್‌ಸೆಟ್‌ನ ಪೆಂಟಿಯಂ 3 ಬೋರ್ಡ್‌ಗಳಲ್ಲಿ ಇರುವುದು ಅದೇ. ಕಲಿಯುವ ಮನಸ್ಸಿದ್ದವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಇಲ್ಲಿ ಓದುತ್ತಿರುವ ಬೇರೆಯವರಿಗೆ: 486 ಮೆಷಿನ್‌ನಲ್ಲಿ ಬರೀ ಐಎಸ್‌ಎ (ಪಿಸಿಐಗಿಂತ ಹಳೆಯ) ಸ್ಲಾಟ್ ಇದ್ದರೆ ಯುಎಸ್‌ಬಿ ಆಸೆ ಬಿಡಿ. ಐಡಿಇಗೆ ಜೋಡಿಸುವ ಕಾಂಪ್ಯಾಕ್ಟ್ ಫ್ಲ್ಯಾಶ್ ಅಡಾಪ್ಟರ್ ಹಾಕಿ, ಡ್ರೈವರ್ ಏನೂ ಬೇಡ, ಡಾಸ್‌ಗೆ ಅದು ಮಾಮೂಲಿ ಹಾರ್ಡ್ ಡಿಸ್ಕ್. ನೆಟ್‌ವರ್ಕ್ ಕಾರ್ಡ್ ಇದ್ದರೆ ಎಂಟಿಸಿಪಿ ಅನ್ನುವ ಪ್ರೋಗ್ರಾಮುಗಳಿವೆ, ಡಾಸ್ ಮೆಷಿನ್‌ನಿಂದಲೇ ಎಫ್‌ಟಿಪಿ ಮಾಡಬಹುದು. ತೀರಾ ಹೊಸ ಮೆಷಿನ್‌ಗಳಲ್ಲಿ ಕಷ್ಟ ಬೇರೆ ಥರ. ಯುಎಸ್‌ಬಿ 3ರ ಎಕ್ಸ್‌ಎಚ್‌ಸಿಐ ಕಂಟ್ರೋಲರ್ ಈ ಹಳೆ ಡ್ರೈವರ್‌ಗಳಿಗೆ ಗೊತ್ತಿಲ್ಲ. ಇಂಟೆಲ್ 2015ರ ಸ್ಕೈಲೇಕ್ ಜೊತೆ ತಂದ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ 2ರ ಹಳೆಯ ಇಎಚ್‌ಸಿಐ ಕಂಟ್ರೋಲರನ್ನು ತೆಗೆದೇಬಿಟ್ಟಿತು. ಅಲ್ಲಿ ಬಯೋಸ್ ದಾರಿ ಮಾತ್ರ, ಅದೂ ಲೆಗಸಿ ಬೂಟ್ ಇದ್ದರೆ.

ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವವರು, ಪೀಣ್ಯ:

ಫ್ಲಾಪಿ ಡ್ರೈವ್ ಬಿಟ್ಟು ಬೇರೆ ದಾರಿಯೇ ಇಲ್ಲದ ಮೆಷಿನ್‌ಗೆ ಗೋಟೆಕ್ ಇದೆ. ಫ್ಲಾಪಿ ಡ್ರೈವ್ ತೆಗೆದು ಅದೇ ಜಾಗಕ್ಕೆ, ಅದೇ ಕೇಬಲ್‌ಗೆ ಹಾಕುವುದು. ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಮೆಷಿನ್‌ಗೆ 1.44 ಎಂಬಿ ಫ್ಲಾಪಿಯಂತೆ ಕಾಣುತ್ತದೆ. ಫ್ಲ್ಯಾಶ್‌ಫ್ಲಾಪಿ ಅನ್ನುವ ಉಚಿತ ಫರ್ಮ್‌ವೇರ್ ಹಾಕಿದರೆ ಇನ್ನೂ ಚೆನ್ನ. ಸಿಎನ್‌ಸಿ ಪ್ರೋಗ್ರಾಮ್‌ಗೆ ಇದು ಸಾಕಾಗುತ್ತದೆ, ಮಂಡಿಯ ಲೆಕ್ಕ 1.44ರಲ್ಲಿ ಹಿಡಿಯಲಿಕ್ಕಿಲ್ಲ.

ಕೇಳಿದವರು, ಶಿರಸಿ:

ಆಯಿತು! 500 ಎಂಬಿ ಮಾಡಿ ಹಾಕಿದೆ, ಡಿಐಆರ್ ಬಂತು, ಕಾಪಿಯೂ ಆಯಿತು. ಇನ್ನು ದಿನಾ ಸಂಜೆ ಡಿಬಿಎಫ್ ಫೈಲ್‌ಗಳನ್ನು (ಫಾಕ್ಸ್‌ಪ್ರೋ ಲೆಕ್ಕ ಇಡುವ ಫೈಲ್‌ಗಳು) ಕಾಪಿ ಮಾಡಿದರೆ ಸಾಕಲ್ವಾ?

ಫಾಕ್ಸ್‌ಪ್ರೋ ಬರೆಯುತ್ತಿದ್ದವರು, ದಾವಣಗೆರೆ:

ಸಾಲದು. ಡಿಬಿಎಫ್ ಜೊತೆ ಅದೇ ಹೆಸರಿನ ಎಫ್‌ಪಿಟಿ ಫೈಲ್ ಇದ್ದರೆ ಅದರಲ್ಲಿ ಮೆಮೊ ಅಂಕಣದ ಬರಹ ಇರುತ್ತದೆ. ಅದು ಬಿಟ್ಟುಹೋದರೆ ಡಿಬಿಎಫ್ ತೆರೆಯುವುದೇ ಇಲ್ಲ. ಸಿಡಿಎಕ್ಸ್, ಐಡಿಎಕ್ಸ್ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬಹುದು, ಆದರೂ ಒಟ್ಟಿಗೇ ತೆಗೆಯಿರಿ. ಇಡೀ ಫೋಲ್ಡರ್ ಅನ್ನು ಡಾಸ್‌ನ ಎಕ್ಸ್‌ಕಾಪಿ ಆಜ್ಞೆಯಿಂದ ತೆಗೆಯುವುದು ಒಳ್ಳೆಯದು. ಫಾಕ್ಸ್‌ಪ್ರೋದಿಂದ ಪೂರ್ತಿ ಹೊರಗೆ ಬಂದ ಮೇಲೆಯೇ ಮಾಡಿ. ತೆರೆದಿಟ್ಟ ಫೈಲ್‌ನ ಕಾಪಿಯನ್ನು ನಂಬುವಂತಿಲ್ಲ. ವಾರದ ಒಂದೊಂದು ದಿನಕ್ಕೂ ಒಂದೊಂದು ಫೋಲ್ಡರ್ ಇರಲಿ. ಇವತ್ತಿನ ಲೆಕ್ಕ ಕೆಟ್ಟಿದ್ದರೂ ನಿನ್ನೆಯದು ಉಳಿದಿರುತ್ತದೆ. ತಿಂಗಳಿಗೊಮ್ಮೆ ಆ ಪೆನ್‌ಡ್ರೈವ್ ಅನ್ನು ಲ್ಯಾಪ್‌ಟಾಪ್‌ಗೆ ಹಾಕಿ ಒಂದು ಡಿಬಿಎಫ್ ಅನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. ಯಾವುದೋ ಒಬ್ಬ ರೈತರ ಖಾತೆ ತೆಗೆದು ಬಾಕಿ ತಾಳೆ ನೋಡಿದರೆ ಬ್ಯಾಕಪ್ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಲಿಬ್ರೆಆಫೀಸ್‌ನಲ್ಲಿ ಸೇವ್ ಮಾಡಬೇಡಿ, ಸುಮ್ನೆ ನೋಡಿ ಮುಚ್ಚಿ.

ಕಂಪ್ಯೂಟರ್ ರಿಪೇರಿಯವರು, ಹುಬ್ಬಳ್ಳಿ:

ಕಾಪಿ ಆದ ಮೇಲೆ ಡಾಸ್ ಪ್ರಾಂಪ್ಟ್ ಬರುವವರೆಗೆ ಕಾಯಿರಿ. ಸ್ಮಾರ್ಟ್‌ಡ್ರೈವ್ (ಡಿಸ್ಕ್‌ಗೆ ಬರೆಯುವುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿಡುವ ಡಾಸ್ ಪ್ರೋಗ್ರಾಮ್) ಹಾಕಿದ್ದರೆ ಸ್ಮಾರ್ಟ್‌ಡಿಆರ್‌ವಿ ಬರೆದು ಓರೆಗೆರೆ ಸಿ ಕೊಡಿ, ಕ್ಯಾಶ್‌ನಲ್ಲಿ ಉಳಿದದ್ದು ಡಿಸ್ಕ್‌ಗೆ ಇಳಿಯುತ್ತದೆ. ಆಮೇಲೆ ಮೆಷಿನ್ ಆಫ್ ಮಾಡಿ, ಪೆನ್‌ಡ್ರೈವ್ ತೆಗೆಯಿರಿ. ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಒಂದನ್ನು ಮನೆಯಲ್ಲಿಡಿ. ಆದರೆ ಮೆಷಿನ್ ಆನ್ ಇರುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಡಿ. ಡಾಸ್ ಅದನ್ನು ಕಳಚಲಾಗದ ಹಾರ್ಡ್ ಡಿಸ್ಕ್ ಅಂದುಕೊಂಡಿರಬಹುದು. ಹಾಗಾದಾಗ ಮೊದಲನೆಯದರ ಫೈಲ್ ಪಟ್ಟಿಯನ್ನು ನೆನಪಲ್ಲಿಟ್ಟುಕೊಂಡು ಎರಡನೆಯದರ ಮೇಲೆ ಬರೆಯುತ್ತದೆ, ಅದರಲ್ಲಿದ್ದ ಹಳೆ ಬ್ಯಾಕಪ್ ಹಾಳಾಗುತ್ತದೆ. ಇದನ್ನು ಅಪ್ಪನಿಗೂ ಹೇಳಿ, ಅಂಗಡಿಯ ಹುಡುಗರಿಗೂ ಹೇಳಿ. ಮೆಷಿನ್ ಪಕ್ಕ ಒಂದು ಚೀಟಿ ಬರೆದು ಅಂಟಿಸಿದರೆ ಇನ್ನೂ ಒಳ್ಳೆಯದು.