ಅಪ್‌ಡೇಟ್: ಲಾಗಿನ್ ಕ್ಯೂನಲ್ಲೇ ನಿಂತಿದ್ದ ಗೇಮ್‌ನ ದುಡ್ಡು ವಾಪಸ್ ಬಂತು

ಹೊಸ ರೇಸಿಂಗ್ ಗೇಮ್ ಒಬ್ಬನೇ ಆಡುವುದಕ್ಕೂ ನೆಟ್ ಕೇಳುತ್ತೆ, ಸರ್ವರ್‌ಗೆ ಸೇರೋಕೆ ಕಾಯುವ ಲಾಗಿನ್ ಕ್ಯೂ ದಾಟುವುದೇ ಇಲ್ಲ, ರೀಫಂಡ್ ಸಿಗುತ್ತಾ ಅಂತ ಕೇಳಿದ್ದೆ. ಸಿಕ್ಕಿತು, ಆದರೆ ಸುಮ್ನೆ ಅಲ್ಲ. ಆನ್‌ಲೈನ್ ಅಂಗಡಿಯ ನಿಯಮದಂತೆ 2 ಗಂಟೆಗಿಂತ ಜಾಸ್ತಿ ಆಡಿರಬಾರದು. ಕ್ಯೂನಲ್ಲಿ ಕಾದ ಹೊತ್ತನ್ನೂ ಆಟದ ಲೆಕ್ಕಕ್ಕೇ ಹಾಕಿದ್ದರು! ಮೊದಲು ಆಗಲ್ಲ ಅಂದರು. ಸರ್ವರ್ ಸಿಗುತ್ತಿಲ್ಲ ಅನ್ನೋ ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ ಮತ್ತೆ ಕಳಿಸಿದ ಮೇಲೆ ಒಪ್ಪಿದರು.

ನೆಟ್ ಇಲ್ಲದೆ ಆಡುವ ಆಫ್‌ಲೈನ್ ಮೋಡ್ ಬರುತ್ತೆ, ಕಾಯಿರಿ ಅಂದವರಿಗೆ ಒಂದು ಮಾತು. 2013ರ ಮಾರ್ಚ್‌ನಲ್ಲಿ ಬಂದ ಸಿಮ್‌ಸಿಟಿ ಅನ್ನೋ ನಗರ ಕಟ್ಟುವ ಗೇಮ್‌ಗೂ ಇದೇ ಗೋಳು ಇತ್ತು. ಅದಕ್ಕೆ ಆಫ್‌ಲೈನ್ ಮೋಡ್ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ. ಅಷ್ಟು ತಾಳ್ಮೆ ನನಗಿಲ್ಲಪ್ಪ. ಅದೇ ದುಡ್ಡಿಗೆ ಹಳೆಯ ರೇಸಿಂಗ್ ಗೇಮ್ ಒಂದನ್ನು ತಗೊಂಡೆ. ವೈಫೈ ಆಫ್ ಮಾಡಿ ನೋಡಿದೆ, ಆರಾಮಾಗಿ ಓಡುತ್ತೆ.