‘ಸರ್ಪಸುತ್ತು’ ಬೇರೆ, ಜನನಾಂಗದ ಹರ್ಪಿಸ್ ಬೇರೆ: ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಜನನಾಂಗದ ಹರ್ಪಿಸ್ ಬಗ್ಗೆ ಒಂದು ಕರಪತ್ರ ತಿದ್ದುತ್ತಿದ್ದೇನೆ. ಲೈಂಗಿಕ ಸಂಪರ್ಕದಿಂದ ಹರಡುವ, ಗುಳ್ಳೆ, ಹುಣ್ಣು ಏಳಿಸುವ ವೈರಸ್ ಸೋಂಕು ಅದು. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ, ನಿಮ್ಮ ಸಹಾಯ ಬೇಕು.

ಮೊದಲು ಹೆಸರು. ಕರಡಿನಲ್ಲಿ ‘ಜನನಾಂಗದ ಸರ್ಪಸುತ್ತು’ ಎಂದಿತ್ತು. ಅದನ್ನು ಓದಿದ ಗೆಳತಿಯೊಬ್ಬರು ಫೋನ್ ಮಾಡಿ, ದನಿ ತಗ್ಗಿಸಿ ಕೇಳಿದರು: “ಅಮ್ಮನಿಗೆ ಹೋದ ವರ್ಷ ಸೊಂಟದ ಹತ್ತಿರ ಸರ್ಪಸುತ್ತು ಆಗಿತ್ತಲ್ಲ, ಅದೂ ಈ ಥರದ್ದೇನಾ?” ಖಂಡಿತ ಅಲ್ಲ. ನಾವು ಸರ್ಪಸುತ್ತು ಅನ್ನುವುದು ಹರ್ಪಿಸ್ ಜೋಸ್ಟರ್‌ಗೆ. ಚಿಕನ್‌ಪಾಕ್ಸ್ ತಂದ ವೈರಸ್ಸೇ ನರದಲ್ಲಿ ಉಳಿದು, ಎಷ್ಟೋ ವರ್ಷದ ಮೇಲೆ ಮೈಯ ಒಂದು ಪಕ್ಕದಲ್ಲಿ ಪಟ್ಟಿಯ ಹಾಗೆ ಏಳುತ್ತದೆ. ಜನನಾಂಗದ ಹರ್ಪಿಸ್ ತರುವುದು ಹರ್ಪಿಸ್ ಸಿಂಪ್ಲೆಕ್ಸ್, ಅದರಲ್ಲಿ 1 ಮತ್ತು 2 ಅಂತ ಎರಡು ಬಗೆ. ಎಲ್ಲವೂ ಒಂದೇ ಕುಟುಂಬದ ವೈರಸ್‌ಗಳು, ಆದರೆ ಕಾಯಿಲೆ ಬೇರೆ, ಹರಡುವ ದಾರಿಯೂ ಬೇರೆ.

ಪದಗಳಿಗೆ ಮಾತ್ರ ನಂಟಿದೆ. ಗ್ರೀಕಿನಲ್ಲಿ ತೆವಳುವುದಕ್ಕೆ ‘ಹೆರ್ಪೆಯ್ನ್’. ಸಂಸ್ಕೃತದ ‘ಸರ್ಪ’ವೂ ಅದೇ ಬೇರಿನದು. ‘ಸಪ್ತ’ಕ್ಕೆ ಗ್ರೀಕಿನಲ್ಲಿ ‘ಹೆಪ್ತ’ ಇದೆಯಲ್ವಾ, ಹಾಗೆ ಇಲ್ಲೂ ಸಕಾರ ಹಕಾರವಾಗಿದೆ. ನಂಟು ಎಷ್ಟೇ ಚೆಂದವಿದ್ದರೂ ಒಬ್ಬ ತಾಯಿಯ ಮೇಲೆ ಸುಮ್ನೆ ಅನುಮಾನ ತರುವ ಹೆಸರು ಬೇಡ. ‘ಜನನಾಂಗದ ಹರ್ಪಿಸ್’ ಎಂದೇ ಇಟ್ಟಿದ್ದೇನೆ. ‘ಗುಪ್ತರೋಗ’ವನ್ನೂ ಹೊಡೆದುಹಾಕಿದೆ. ಬಚ್ಚಿಡು ಅಂತ ಹೆಸರೇ ಹೇಳಿಕೊಟ್ಟ ಹಾಗಾಗುತ್ತದೆ. ಇದೇನೂ ಅಪರೂಪದ್ದಲ್ಲ: ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜಿನಂತೆ, 15ರಿಂದ 49 ವರ್ಷದವರಲ್ಲಿ ಸುಮಾರು 84 ಕೋಟಿ ಜನರಿಗೆ ಈ ಸೋಂಕಿದೆ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ.

ಎರಡನೆಯದು ‘ವಾಸಿಯಾಗು’. “ಹುಣ್ಣು 2ರಿಂದ 4 ವಾರದಲ್ಲಿ ವಾಸಿಯಾಗುತ್ತದೆ” ಎಂದು ಕರಡಿನಲ್ಲಿದೆ. ಓದಿದವರು ಕಾಯಿಲೆಯೇ ಹೋಯಿತು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಇದೆಯಲ್ಲ: ಗಾಯ ಮಾಯುತ್ತದೆ, ರೋಗ ವಾಸಿಯಾಗುತ್ತದೆ. ಇಲ್ಲಿ ಹುಣ್ಣು ಮಾಯುತ್ತದೆ, ಅಷ್ಟೇ. ವೈರಸ್ ಬೆನ್ನುಹುರಿಯ ಕೆಳಭಾಗದ ಪಕ್ಕದ ನರಗಂಟುಗಳಲ್ಲಿ ಹುದುಗಿ ಕೂರುತ್ತದೆ, ಆಗಾಗ ಮರುಕಳಿಸಬಹುದು. ಅಸೈಕ್ಲೋವಿರ್‌ನಂಥ ಮಾತ್ರೆಯಿಂದ ಹುಣ್ಣು ಬೇಗ ಮಾಯುತ್ತದೆ, ದಿನವೂ ತೆಗೆದುಕೊಂಡರೆ ಮರುಕಳಿಸುವುದೂ ಕಡಿಮೆಯಾಗುತ್ತದೆ. ಆದರೆ ವೈರಸ್ ಪೂರ್ತಿ ಹೋಗುವುದಿಲ್ಲ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದು. ಗುಳ್ಳೆ, ಉರಿ, ನೋವು ಏನೂ ಇಲ್ಲದ ದಿನವೂ ವೈರಸ್ ಚರ್ಮದ ಮೇಲೆ ಇರಬಹುದು, ಆಗಲೂ ಹರಡಬಹುದು. ಎಷ್ಟೋ ಜನರಿಗೆ ತಮಗೆ ಸೋಂಕಿದೆ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಕರಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ. ಇಂಗ್ಲಿಷಿನಲ್ಲಿ ಇದಕ್ಕೆ ‘ವೈರಲ್ ಶೆಡ್ಡಿಂಗ್’ ಅನ್ನುತ್ತಾರೆ, ಕರಡಿನಲ್ಲಿ ‘ವೈರಸ್ ಉದುರುವಿಕೆ’ ಎಂದಿದೆ. ಎಲೆ ಉದುರುತ್ತದೆ, ಕೂದಲು ಉದುರುತ್ತದೆ, ಉದುರಿದ್ದು ಎಲ್ಲೋ ಬಿದ್ದಿರುತ್ತದೆ. ಓದುಗರು ಟಾಯ್ಲೆಟ್ ಸೀಟು, ಹಾಸಿಗೆ, ಟವೆಲ್ ನೋಡಿ ಹೆದರುತ್ತಾರೆ. ಅವುಗಳಿಂದ ಇದು ಹರಡುವುದಿಲ್ಲ. ಮೈಗೆ ಮೈ ತಾಗಬೇಕು. ಯೋನಿಯ ಮೂಲಕ, ಗುದದ ಮೂಲಕ, ಬಾಯಿಯ ಮೂಲಕ ನಡೆಯುವ ಸಂಭೋಗ ಎಲ್ಲವೂ ಇದರಲ್ಲಿ ಸೇರುತ್ತದೆ. ತುಟಿಯ ಮೇಲೆ ಏಳುವ ಗುಳ್ಳೆಯ ವೈರಸ್ಸೂ ಬಾಯಿಂದ ಜನನಾಂಗಕ್ಕೆ ಹೋಗಬಹುದು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದ ಚರ್ಮ ತಾಗಿಯೂ ಬರಬಹುದು.

‘ಸೋಂಕು’ ಮಾತ್ರ ಇಲ್ಲಿ ಹೇಳಿ ಮಾಡಿಸಿದ ಪದ. ಹಳೆಗನ್ನಡದಲ್ಲಿ ಅದಕ್ಕೆ ತಾಗುವುದು ಎಂದೇ ಅರ್ಥ. ಆದರೆ ವೈರಸ್ ಚರ್ಮದ ಮೇಲಕ್ಕೆ ಬರುವುದಕ್ಕೆ ಏನನ್ನೋಣ? ‘ಒಸರು’, ‘ಜಿನುಗು’ ಅಂದರೆ ಕೀವು ಕಾಣಬೇಕು ಅನ್ನಿಸುತ್ತದೆ, ಇಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ‘ಹೊಮ್ಮು’ ಅಂದರೆ ವಾಸನೆಯ ಹಾಗೆ ಗಾಳಿಯಲ್ಲಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಸದ್ಯಕ್ಕೆ “ಏನೂ ಕಾಣದಿದ್ದರೂ ವೈರಸ್ ಚರ್ಮದ ಮೇಲಕ್ಕೆ ಬಂದಿರುತ್ತದೆ” ಎಂದು ಉದ್ದಕ್ಕೆ ಬರೆದಿದ್ದೇನೆ.

ಇದಕ್ಕೆ ಒಂದೇ ಕ್ರಿಯಾಪದ ಹೊಳೆದರೆ ದಯವಿಟ್ಟು ತಿಳಿಸಿ. ನೆಲಕ್ಕೆ ಬೀಳಬಾರದು, ಗಾಳಿಯಲ್ಲಿ ಹಾರಬಾರದು, ಕೀವಿನ ಹಾಗೆ ಕಾಣಬಾರದು.